ಮಗಳ ಬಹುಮಾನಕ್ಕೆ ನಾನು ಹೊತ್ತ ಹರಕೆ

ಹರಕೆ ಹೊರುವಾಗ ದೇವರ ಮುಖ ನೋಡಿದರೆ ಸಾಲದು, ಅಕ್ಕಪಕ್ಕದವರ ಮುಖವನ್ನೂ ಒಮ್ಮೆ ನೋಡಬೇಕು. ಇದು ನನಗೆ ತಿಳಿದದ್ದು ತಡವಾಗಿ. ನನ್ನ ಮಗಳು ಸ್ವಾತಿ ವಿಶ್ವವಿದ್ಯಾಲಯದಲ್ಲಿ ಪ್ರದೇಶ ಅಧ್ಯಯನ ಎಂಬ ವಿಷಯ ಓದುತ್ತಾಳೆ. ಒಂದು ಸೀಮೆಯ ಜನ ಏನು ತಿನ್ನುತ್ತಾರೆ, ಹೇಗೆ ಮಾತಾಡುತ್ತಾರೆ, ಯಾವ ದೇವರಿಗೆ ಕೈಮುಗಿಯುತ್ತಾರೆ ಎಂದು ವಿಚಾರಿಸುವ ವಿದ್ಯೆಯಂತೆ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಇಷ್ಟನ್ನು ನಾವು ಹೆಂಗಸರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಲೇ ಮಾಡಿ ಮುಗಿಸುತ್ತೇವೆ. ನಮಗೆ ಯಾರೂ ಬಹುಮಾನ ಕೊಟ್ಟಿಲ್ಲ, ಅದು ಬೇರೆ ಮಾತು. ಅವಳ ವಿಶ್ವವಿದ್ಯಾಲಯ ಮಾತ್ರ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳಲ್ಲಿ ಅತ್ಯುತ್ತಮವಾದವುಗಳಿಗೆ ಪ್ರತಿವರ್ಷ ಬಹುಮಾನ ಕೊಡುತ್ತದೆ.

ಹೋದ ವರ್ಷ ಅದು ಸಿಗದಾಗ ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ. "ಈ ಸಲಾನೂ ಬರ್ಲಿಲ್ಲ ಅಂದ್ರೆ ಬಸ್, ಸಾಕು, ಓದೋದೇ ಬಿಟ್ಬಿಡ್ತೀನಿ" ಎಂದಳು. ಈ ಸಲ ಅವಳು ಪ್ರಬಂಧಕ್ಕೆ ಆರಿಸಿಕೊಂಡದ್ದು ನಮ್ಮ ಶುಕ್ರವಾರದ ಭಜನಾ ಮಂಡಳಿಯನ್ನೇ. ಉಡುಪಿಯ ನಾನು, ಧಾರವಾಡದ ಗಿರಿಜಾಬಾಯಿ, ಮೈಸೂರು ಕಡೆಯ ನಾಲ್ಕಾರು ಜನ. ಒಬ್ಬರ ಕನ್ನಡ ಒಬ್ಬರಿಗೆ ಅರ್ಥವಾಗಲು ಕೆಲವೊಮ್ಮೆ ಹಿಂದಿ ಬೇಕಾಗುತ್ತದೆ. ಮಗಳ ಸಪ್ಪೆ ಮುಖ ನೋಡಲಾರದೆ ದೇವಿಯ ಮುಂದೆ ಹೇಳಿಕೊಂಡೆ: ಬಹುಮಾನ ಬಂದರೆ ಒಂದು ಶುಕ್ರವಾರದ ಭಜನೆಯನ್ನು ಗಣಪತಿ ಸ್ತುತಿಯಿಂದ ಮಂಗಳದವರೆಗೆ ನಾನೊಬ್ಬಳೇ ಹಾಡುತ್ತೇನೆ.

ಗಿರಿಜಾಬಾಯಿಗೆ ಹೇಳಿದಾಗ ಅವರ ಕೈಯ ತಾಳ ನಿಂತಿತು. "ಒಬ್ಬರಽ? ಪೂರ್ತಿ? ಐದು ಕಾಯಿ ಒಡದ್ರ ದೇವಿ ಒಲ್ಲೆ ಅಂತಾಳೇನ್ರೀ?" ನನ್ನ ಗಂಟಲಿನ ಬಗ್ಗೆ ಅವರಿಗೆಷ್ಟು ಕಾಳಜಿ ಎಂದುಕೊಂಡೆ.

ಬಹುಮಾನ ಬಂತು. ಪ್ರಥಮವೇ ಬಂತು. ಶುಕ್ರವಾರ ಪ್ರಸಾದಕ್ಕೆಂದು ಕಡಲೆಬೇಳೆ, ಬೆಲ್ಲ ಹಾಕಿ ಮಾಡಿದ ಹಯಗ್ರೀವದ ಪಾತ್ರೆಯನ್ನು ದೇವಿಯ ಮುಂದಿಟ್ಟು ಹಾಡಲು ಕುಳಿತೆ. ಹಯಗ್ರೀವ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮಂಡಳಿಯವರೇ ಹೇಳುತ್ತಾರೆ, ನಾನು ಹೇಳುವುದಲ್ಲ. ಮೊದಲು ಸ್ವಾತಿ ತನ್ನ ಪ್ರಬಂಧ ಓದಬೇಕೆಂದು ಎಲ್ಲರೂ ಹಟ ಹಿಡಿದರು. ಅವಳು ಇಂಗ್ಲಿಷನ್ನು ತನ್ನ ಮುಂಬಯಿ ಕನ್ನಡಕ್ಕೆ ತಿರುಗಿಸುತ್ತಾ ಹೋದಳು. ಎಲ್ಲರ ಹೆಸರೂ ಬದಲಾಗಿತ್ತು, ಅದು ಸಂಶೋಧನೆಯ ನಿಯಮವಂತೆ. ನಡುವೆ ಒಂದು ಹಾಳೆ ಬಿಟ್ಟಳು.

"ಯಾಕವಾ, ಹಾಳಿ ಹಾರಸ್ತಿ?" ಎಂದರು ಗಿರಿಜಾಬಾಯಿ.

"ಆಂಟಿ, ನಕೋ ನಾ, ಬೇಡ..."

"ಓದು ಮಗಾ, ನಾಚಿಕೆ ಎಂತದ್ದು?" ಎಂದವಳು ನಾನೇ.

ಓದಿದಳು. "ಸುಮತಿ ಅನ್ನೋರು ಪೂರಾ ಬೇಸುರಾ, ಶ್ರುತಿನೇ ಇಲ್ದೆ ಹಾಡ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ. ಬೇರೆ ಬೇರೆ ಊರಿನವ್ರು ಒಟ್ಟಿಗೆ ಇರೋಕೆ ಕಲಿತದ್ದು ಇಲ್ಲೇ, ಸುಮತಿಯವರ ಹಾಡು ಸಹಿಸ್ಕೊಂಡು, ಆಮೇಲೆ ಅವರು ಮಾಡಿದ ಪ್ರಸಾದ ತಿಂದು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇದು ಮೈಸೂರು ಕಡೆಯವರಲ್ಲಿ ಒಬ್ಬರ ಹಾಡಿನ ಮಾತೇ ಎಂದುಕೊಂಡು ಅವರ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಯಾರೂ ನಗುತ್ತಿರಲಿಲ್ಲ. ಎಲ್ಲರೂ ಹಯಗ್ರೀವದ ಪಾತ್ರೆಯನ್ನು ನೋಡುತ್ತಿದ್ದರು.

ನನ್ನ ನಗು ಅಲ್ಲೇ ಇಂಗಿತು. ಸ್ವಾತಿಯ ಕಣ್ಣಲ್ಲಿ ನೀರು. "ಅಮ್ಮಾ, ಸಾರಿ. ಜಡ್ಜ್‌ಗಳಿಗೆ ಅದೇ ಭಾಗ ಜಾಸ್ತಿ ಇಷ್ಟ ಆಯ್ತಂತೆ." ಹಾಡುವುದೋ ಬಿಡುವುದೋ? ಬಿಟ್ಟರೆ ದೇವಿಗೆ ಕೊಟ್ಟ ಮಾತು ತಪ್ಪುತ್ತದೆ. ಹಾಡಿದರೆ ಇವರ ಗತಿ?

ಗಿರಿಜಾಬಾಯಿ ತಾಳ ಕೈಗೆತ್ತಿಕೊಂಡರು. "ಹಾಡ್ರಿ, ಹಾಡ್ರಿ. ಹುಡುಗಿಗೆ ಬಹುಮಾನ ಬಂದಿದ್ದಽ ನಿಮ್ಮ ದನಿಯಿಂದ."

ಹಾಡಿದೆ. ಗಣಪತಿಯಿಂದ ಮಂಗಳದವರೆಗೆ, ಒಂದು ನುಡಿಯನ್ನೂ ಬಿಡದೆ. ದೇವಿಯ ದಯೆ ದೊಡ್ಡದು: ಮಗಳು ಓದು ಬಿಡಲಿಲ್ಲ, ನನ್ನ ಗಂಟಲು ಕೈಕೊಡಲಿಲ್ಲ, ಕೊನೆಯವರೆಗೂ ಒಬ್ಬರೂ ಎದ್ದು ಹೋಗಲಿಲ್ಲ. ಮಂಗಳಾರತಿಯಾದ ಮೇಲೆಯೇ ಪ್ರಸಾದ ಹಂಚಬೇಕೆಂದು ಹಿರಿಯರು ಸುಮ್ಮನೆ ಪದ್ಧತಿ ಮಾಡಿಲ್ಲ.