ಹೋರಿ ಮನೆಯ ಗಿಣ್ಣು

ಹಳ್ಳಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟರಿಗೆ ಒಂದು ದೊಡ್ಡ ಅನುಕೂಲವಿದೆ. ಅವರು ಹೇಳಿದ್ದನ್ನು ಯಾರೂ ಮನೆಗೆ ಹೋಗಿ ಮಾಡಿ ನೋಡುವುದಿಲ್ಲ. ಗಾಳಿಗೂ ತೂಕವಿದೆ ಎಂದರೆ ಮಕ್ಕಳು ಬರೆದುಕೊಳ್ಳುತ್ತಾರೆ, ದೊಡ್ಡವರು ಇರಬಹುದು ಎಂದು ತಲೆಯಾಡಿಸುತ್ತಾರೆ, ಗಾಳಿ ತನ್ನ ಪಾಡಿಗೆ ತಾನು ತೋಟದಲ್ಲಿ ಬೀಸಿಕೊಂಡಿರುತ್ತದೆ. ನಾನೂ ಬಹಳ ವರ್ಷ ಹೀಗೆಯೇ ನೆಮ್ಮದಿಯಾಗಿದ್ದೆ. ವಿಜ್ಞಾನವನ್ನು ನಾನೇ ಕೈಹಿಡಿದು ನಮ್ಮ ಕೊಟ್ಟಿಗೆಗೆ ಕರೆತಂದ ಮೇಲೆ ಆ ನೆಮ್ಮದಿ ಹೋಯಿತು.

ಅದು ಎಂಬತ್ತರ ಆಸುಪಾಸಿನ ಮಾತು. ಶೆಟ್ಟಿಕೆರೆ ಕಡೆಯ ನಮ್ಮ ಹಳ್ಳಿಗಳಲ್ಲಿ ಆಗ ಎಲ್ಲಿ ನಾಲ್ಕು ಜನ ಸೇರಿದರೂ ಜರ್ಸಿಯದೇ ಸುದ್ದಿ. ಹೋಬಳಿಯ ದನದ ಆಸ್ಪತ್ರೆಗೆ ಹೊಗೆಯಾಡುವ ಕ್ಯಾನೊಂದು ಬಂದಿದೆಯಂತೆ, ಅದರೊಳಗೆ ಸೀಮೆ ಹೋರಿಯ ಬೀಜವನ್ನು ಕಡ್ಡಿಯಂಥ ನಳಿಗೆಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಾರಂತೆ, ಹಸು ಬೆದೆಗೆ ಬಂದಾಗ ಹೊಡೆದುಕೊಂಡು ಹೋದರೆ ಹೋರಿಯ ಮುಖ ನೋಡದೆಯೇ ಗಬ್ಬ ಕಟ್ಟುತ್ತದಂತೆ. ಇಂಥ ಸುದ್ದಿ ಬಂದಾಗ ಊರಿನವರು ವಿಜ್ಞಾನದ ಮೇಷ್ಟರ ಕಡೆ ನೋಡುವುದು ಸಹಜ. ಹಾಗೆ ನೋಡಿದಾಗ ಸುಮ್ಮನಿರಲಾರದ್ದು ನನ್ನ ಸ್ವಭಾವ. ಅರಳಿಕಟ್ಟೆಯ ಮೇಲೆ ಕುಳಿತು ತಳಿ, ಸಂಕರ, ಗುಣಾಣು ಎಂದೆಲ್ಲ ಹೇಳಿ, ಕೊನೆಗೆ, ಇನ್ನು ನಮ್ಮೂರಲ್ಲಿ ಹಾಲಿಡಲು ಪಾತ್ರೆ ಸಾಲುವುದಿಲ್ಲ ಎಂದುಬಿಟ್ಟೆ. ಹಾಗಾದರೆ ಮೊದಲು ನಿಮ್ಮ ಕವಲಿಯನ್ನೇ ಹೊಡೆದುಕೊಂಡು ಹೋಗಿ ಎಂದು ಯಾರೋ ಹೇಳಿದರು. ಆಡಿದ ಮಾತು ನುಂಗಲಾಗದೆ ಹೂಂ ಎಂದೆ.

ಕವಲಿ ನಮ್ಮ ಅವ್ವನ ಹಸು. ಅವಳ ಮದುವೆಯಲ್ಲಿ ದಂಡಿನಶಿವರದ ತವರಿನಿಂದ ಬಂದ ಹಳ್ಳಿಕಾರ್ ಹಸುವಿನ ವಂಶ ಅದು. ಬೂದು ಬಣ್ಣ, ಉದ್ದ ಕೊಂಬು, ಚಿಕ್ಕ ಮೈ. ಹಾಲು ಕೊಡುವುದರಲ್ಲಿ ಬಹಳ ಬಿಗಿ. ಒಂದು ಚೊಂಬಿನ ಮೇಲೆ ಒಂದು ತೊಟ್ಟು ಕೊಡಲೂ ಅದಕ್ಕೆ ಮನಸ್ಸಿರಲಿಲ್ಲ. ಆದರೆ ಅದರ ಗಂಡು ಕರುಗಳು ನೊಗಕ್ಕೆ ಹೆಸರಾದವು. ಅವಕ್ಕೆಲ್ಲ ತಂದೆ ಪಕ್ಕದ ಬೀದಿಯ ಮರುಳಪ್ಪನವರ ಹೋರಿ. ನಮ್ಮ ಕಡೆ ಒಂದು ಪದ್ಧತಿ ಇತ್ತು. ಹಸು ಕರು ಹಾಕಿದ ಮೇಲೆ ಮೊದಲ ಗಿಣ್ಣು ಹೋರಿ ಮನೆಗೆ ಹೋಗಬೇಕು, ಆಮೇಲೆ ಉಳಿದವರಿಗೆ. ಅವ್ವ ಇದನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಹಾಗಾಗಿ ಆಸ್ಪತ್ರೆಯ ವಿಷಯ ತೆಗೆದಾಗ ಅವಳು ಗುಣಾಣುವಿನ ತಂಟೆಗೇ ಬರಲಿಲ್ಲ.

“ಅಲ್ಲ ಕಣ್ಲಾ, ನಾಳೆ ಗಿಣ್ಣು ಮಾಡಿದ್ರೆ ಯಾರ್ ಮನೆಗೆ ಕಳಿಸ್ಲಿ? ಹೋರಿ ಮನೆ ಯಾವ್ದು?” ಎಂದಳು.

ಹೋರಿ ಬೆಂಗಳೂರಿನ ಕಡೆ ಯಾವುದೋ ಫಾರಂನಲ್ಲಿರುತ್ತದೆ, ಅದಕ್ಕೆ ಹೆಸರಿಲ್ಲ, ನಂಬರು ಮಾತ್ರ ಎಂದೆ. ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಹೆಸರಿಲ್ಲದವರ ಮನೆಗೆ ಹೆಣ್ಣು ಕೊಡುವ ಮಗನನ್ನು ಹೆತ್ತೆನಲ್ಲ ಎಂಬ ನೋಟ ಅದು. ಆದರೂ ಬೇಡ ಎನ್ನಲಿಲ್ಲ. ಓದಿದ ಮಗ ಹೇಳಿದ್ದನ್ನು ಬೇಡ ಎನ್ನಬಾರದು ಎಂದು ಆ ಕಾಲದ ತಾಯಂದಿರಿಗೆ ಯಾರು ಹೇಳಿಕೊಟ್ಟಿದ್ದರೋ, ನಮ್ಮಂಥವರಿಂದ ಆದ ಎಷ್ಟೋ ಅನಾಹುತಗಳಿಗೆ ಅದೇ ಕಾರಣ.

ಆಸ್ಪತ್ರೆಯಲ್ಲಿ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಡಾಕ್ಟರು ಒಳ್ಳೆಯವರು. ಹಸು ಚಿಕ್ಕದು, ಕರು ದಪ್ಪವಾಗಬಹುದು, ದಿನ ತುಂಬಿದಾಗ ಹುಷಾರು ಎಂದು ಹೇಳಿ ಕಳಿಸಿದರು. ನಾನು ಅದನ್ನು ಅವ್ವನಿಗೆ ಹೇಳಲಿಲ್ಲ. ಅವಳೋ ಕವಲಿಯ ಹೊಟ್ಟೆ ನೋಡಿಯೇ ತಿಳಿದುಕೊಂಡಳು. ದಿನ ತುಂಬಿದ ಒಂದು ಮಧ್ಯಾಹ್ನ ಕವಲಿ ನೋವು ತಿನ್ನತೊಡಗಿತು. ಕರುವಿನ ಕಾಲು ಕಾಣಿಸಿತು, ಕರು ಮಾತ್ರ ಬರಲಿಲ್ಲ. ಅವ್ವ ಕವಲಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನನಗೆ ನಿಜವಾಗಿಯೂ ಭಯವಾಯಿತು. ಅರಳಿಕಟ್ಟೆಯಲ್ಲಿ ಒಂದು ಸಂಜೆಯ ಮಾತಿನ ಚಪಲಕ್ಕೆ ಅವಳ ತವರಿನಿಂದ ಬಂದ ವಂಶವನ್ನೇ ಪಣಕ್ಕೊಡ್ಡಿದೆನಲ್ಲ ಎನ್ನಿಸಿತು. ಹೇಳಿ ಕಳಿಸಿದ್ದಕ್ಕೆ ಡಾಕ್ಟರು ಸೈಕಲ್ಲಿನಲ್ಲಿ ಓಡಿಬಂದರು. ಅವರೂ ಸುದ್ದಿ ತಿಳಿದು ಬಂದ ಮರುಳಪ್ಪನವರೂ ಸೇರಿ ಎಳೆದ ಮೇಲೆ ಕರು ನೆಲಕ್ಕೆ ಬಂತು. ಕವಲಿ ಉಳಿಯಿತು. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಕರು ನೆಕ್ಕತೊಡಗಿದಾಗ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಕರು ಕಂದು ಬಣ್ಣದ್ದು, ಜಿಂಕೆಯ ಕಣ್ಣು, ಚೆಂದವೋ ಚೆಂದ. ಆದರೆ ಗಂಡು. ಮರುಳಪ್ಪನವರು ಅದರ ಬೆನ್ನಿನ ಮೇಲೆ ಕೈಯಾಡಿಸಿದರು. ಕತ್ತಿನ ಹತ್ತಿರ, ಡುಬ್ಬ ಇರಬೇಕಾದ ಕಡೆ, ಕೈ ನಿಲ್ಲದೆ ಜಾರಿ ಮುಂದಕ್ಕೆ ಹೋಯಿತು.

“ಎಲ್ಲಾ ಸರಿ ಮೇಷ್ಟ್ರೇ, ನೊಗ ಎಲ್ಲಿ ಕೂರ್ಸೋದು?” ಎಂದರು.

ಹೋಗಲಿ, ಹಾಲಾದರೂ ಬರುತ್ತದಲ್ಲ ಎಂದುಕೊಂಡೆ. ಕವಲಿ ಎಂದಿನ ಹಾಗೆ ಒಂದು ಚೊಂಬು ಕೊಟ್ಟು ಒದ್ದಿತು. ಡಾಕ್ಟರನ್ನು ಕೇಳಿದೆ. ಅವರು ನಗು ತಡೆದುಕೊಂಡು, ಕವಲಿ ಕವಲಿಯೇ ಅಲ್ಲವೇ ಸಾರ್, ಮುಂದೆ ಅದಕ್ಕೆ ಹೆಣ್ಣುಗರು ಹುಟ್ಟಿದರೆ ಹಾಲು ಹೆಚ್ಚುವುದು ಆ ಹೆಣ್ಣುಗರುವಿಗೆ ಎಂದರು. ಇಡೀ ಊರು ಸೂಜಿ ಹಾಕಿಸಿದ ಹಸುವೇ ಹಾಲು ಸುರಿಸುತ್ತದೆ ಎಂದುಕೊಂಡಿತ್ತು. ಊರು ಅಂದುಕೊಳ್ಳಲಿ, ಪಾಠ ಹೇಳುವ ನಾನೂ ಅದೇ ನಂಬಿಕೆಯಲ್ಲಿ ಹಾಲಿಗೆಂದು ಹೊಸ ಕೊಳದಪ್ಪಲೆ ತಂದಿಟ್ಟಿದ್ದೆ. ಅದರಲ್ಲಿ ನನ್ನ ಹೆಂಡತಿ ಸರ್ವಮಂಗಳ ಹುಣಸೆಹಣ್ಣು ತುಂಬಿದಳು.

ಆ ಮೊದಲ ಹಾಲಿನಲ್ಲೇ ಅವ್ವ ಗಿಣ್ಣು ಮಾಡಿದಳು. ಬೆಲ್ಲ, ಏಲಕ್ಕಿ, ಎಳೆಗಾಯಿಯ ತುರಿ ಎಲ್ಲ ಹಾಕಿ ಘಮಘಮ ಎನ್ನುವಂತೆ ಮಾಡಿದಳು. ಮನೆಯವರೆಲ್ಲ ಕಾದು ಕುಳಿತೆವು. ಹೋರಿ ಮನೆಗೆ ಹೋಗದೆ ಯಾರೂ ಮುಟ್ಟುವಂತಿಲ್ಲ. ಅವ್ವ ಯೋಚಿಸಿದಳು, ತಟ್ಟೆಯಲ್ಲಿ ಒಂದು ತುಂಡು ಹಾಕಿ ನನ್ನ ಮುಂದೆ ಇಟ್ಟಳು.

“ಆ ಹೋರಿಗೆ ಮನೆಯಿಲ್ಲ, ಮಠವಿಲ್ಲ. ಈ ಊರಿಗೆ ಅದನ್ನ ತಂದೋನು ನೀನೇ. ನೀನೇ ಹೋರಿ ಮನೆಯೋನು, ತಿನ್ನು” ಎಂದಳು.

ಅವಳು ಹಾಸ್ಯಕ್ಕೆ ಹೇಳಲಿಲ್ಲ. ಪದ್ಧತಿಗೆ ಒಬ್ಬ ವಾರಸುದಾರ ಬೇಕಿತ್ತು, ಅಷ್ಟೇ. ಸರ್ವಮಂಗಳ ಗೋಡೆ ಕಡೆ ತಿರುಗಿಕೊಂಡಳು. ನಾನು ತಿಂದೆ. ಸಂಜೆಯ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿ, ಕರುವಿಗೆ ‘ಮೇಷ್ಟ್ರ ಕಡೆಯದು’ ಎಂದು ಹೆಸರಾಯಿತು. ಅಂದಿನಿಂದ ಅದು ಯಾರ ರಾಗಿ ಪೈರಿಗೆ ಬಾಯಿ ಹಾಕಿದರೂ ದೂರು ನೇರವಾಗಿ ನನಗೆ. ಬೆಳೆದ ಮೇಲೆ ಸಂತೆಯ ದಲ್ಲಾಳಿಯೊಬ್ಬ ಬಂದು ನೋಡಿ, ಇಂಥದ್ದನ್ನು ಕೊಳ್ಳುವವರು ಒಂದೇ ತರಹದವರು ಸಾರ್ ಎಂದ. ಏನು ಮಾಡ್ತೀಯೋ ನೀನೇ ಹೇಳು, ನಿನ್ನ ಕಡೆಯೋನು ಎಂದಳು ಅವ್ವ. ಅದು ನನ್ನ ಅಂಗಿಯ ತೋಳು ನೆಕ್ಕುತ್ತ ನಿಂತಿತ್ತು. ದಲ್ಲಾಳಿಯನ್ನು ಕಳಿಸಿಬಿಟ್ಟೆ. ಹಾಲೂ ಇಲ್ಲ, ಉಳುಮೆಯೂ ಇಲ್ಲ, ಮೇವಿಗೆ ಮಾತ್ರ ಎಲ್ಲರಿಗಿಂತ ಮುಂದೆ. ದಿನವೂ ಶಾಲೆ ಬಿಟ್ಟ ಮೇಲೆ ತೋಟದ ಬದುವಿನಲ್ಲಿ ಅದಕ್ಕೆ ಹುಲ್ಲು ಕೊಯ್ಯುವಾಗ, ಅರಳಿಕಟ್ಟೆಯಲ್ಲಿ ಹೇಳದೆ ಬಿಟ್ಟ ವಿಷಯಗಳು ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಹೆಣ್ಣುಗರುವಿನ ಲೆಕ್ಕ ಹಾಕುವವರು ಗಂಡುಗರುವಿನ ಮಾತೇ ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ.

ಕವಲಿ ಮತ್ತೆ ಬೆದೆಗೆ ಬಂತು. ಆಶ್ಚರ್ಯವೆಂದರೆ, ಆಸ್ಪತ್ರೆಗೇ ಹೋಗು, ಈ ಸಲ ಹೆಣ್ಣಾದರೂ ಆಗಬಹುದು ಎಂದು ಅವ್ವನೇ ಹಗ್ಗ ಕೈಗೆ ಕೊಟ್ಟಳು. ನಾನು ಹೊರಟೆ. ಬೀದಿ ಕವಲೊಡೆಯುವ ಕಡೆ ಒಂದು ದಾರಿ ಆಸ್ಪತ್ರೆ ಕಡೆಯ ಬಸ್ ರಸ್ತೆಗೆ, ಇನ್ನೊಂದು ಮರುಳಪ್ಪನವರ ಮನೆಗೆ. ಅಲ್ಲಿ ಕವಲಿಯೇ ನನ್ನನ್ನು ಮರುಳಪ್ಪನವರ ಮನೆ ಕಡೆ ಎಳೆದುಕೊಂಡು ಹೋಯಿತು ಎಂದು ಇವತ್ತಿಗೂ ಹೇಳುತ್ತೇನೆ. ಅಷ್ಟು ಬಡಕಲು ಹಸು ಎಳೆದರೆ ಹೋಗುವ ಆಳಲ್ಲ ನೀವು ಎಂದು ಸರ್ವಮಂಗಳ ಹೇಳುತ್ತಾಳೆ. ಇನ್ನೊಂದು ದಿಕ್ಕಿಲ್ಲದ ಕರುವಿಗೆ ಹೋರಿ ಮನೆಯವನಾಗುವ ಧೈರ್ಯ ನನಗಿರಲಿಲ್ಲ, ಅದು ನಿಜ.

ಈ ಬಾರಿ ಕರು ಸಲೀಸಾಗಿ ಹುಟ್ಟಿತು. ಬೂದು ಬಣ್ಣ, ಮೊಳಕೆಯಂಥ ಡುಬ್ಬ. ಅವ್ವ ಕರುವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕರುವಿನ ಬಾಲ ಎತ್ತಿ ನೋಡಿದಳು.

“ಹೆಣ್ಗರು ಕಣ್ಲಾ. ಆಸ್ಪತ್ರೆಗೆ ಹೋಗಿದ್ರೆ ಹಾಲಿನ್ ಹಸ ಆಗ್ತಿತ್ತು” ಎಂದಳು.

ಗಿಣ್ಣು ಮಾಡಿ, ಪಾತ್ರೆಗೆ ಬಾಳೆಲೆ ಮುಚ್ಚಿ ನನ್ನ ಕೈಗೆ ಕೊಟ್ಟು, ಹೋರಿ ಮನೆಗೆ ನೀನೇ ಕೊಟ್ಟು ಬಾ ಎಂದಳು. ಹಾಡಹಗಲಲ್ಲಿ, ಅರಳಿಕಟ್ಟೆಯ ಮುಂದೆಯೇ ಹಾದು, ಊರಿಗೆ ಜರ್ಸಿಯ ಪಾಠ ಹೇಳಿದ ಮೇಷ್ಟ್ರಾದ ನಾನು ಮರುಳಪ್ಪನವರ ಮನೆಗೆ ಗಿಣ್ಣು ಹೊತ್ತು ನಡೆದೆ. ಕಟ್ಟೆಯ ಮೇಲಿದ್ದವರು ಮರ್ಯಾದಸ್ಥರು, ಎದ್ದು ನಿಂತು ನಮಸ್ಕಾರ ಹೇಳಿದರು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಹಿಂದೆ. ತಿರುಗಿ ನೋಡಿದರೆ, ಹಗ್ಗ ಬಿಚ್ಚಿಕೊಂಡು ಬಂದ ನನ್ನ ಕಡೆಯವನು, ಕೈಯಲ್ಲಿರುವುದು ತನಗೇ ಎಂಬ ನಂಬಿಕೆಯಲ್ಲಿ, ಹಿಂದೆ ಹಿಂದೆಯೇ ಬರುತ್ತಿದ್ದ.