ಬಿಲ್ ಮಾಡದ ಮೇಜಿನ ಸಂಪಾದನೆ

ಅಮೃತಕಲಶ ಹಿಡಿದ ಧನ್ವಂತರಿಗೆ ಮೊದಲು ಕೈಮುಗಿಯುತ್ತೇನೆ. ಕೊಚ್ಚಿಯ ಕಲೂರಿನ ಆಸ್ಪತ್ರೆಯಲ್ಲಿ ನನ್ನದು ಔಷಧ ಮಾಹಿತಿ ವಿಭಾಗ. ಅಂದರೆ ಒಂದು ಮೇಜು, ಒಂದು ಫೋನು, ಉಡುಪಿ ಕಡೆಯ ನಾನು. ಮದ್ದಿನ ಬಗ್ಗೆ ಡಾಕ್ಟರರೂ ರೋಗಿಗಳೂ ಕೇಳುತ್ತಾರೆ, ಹುಡುಕಿ ಹೇಳುತ್ತೇನೆ. ಇಂಥಲ್ಲಿ ತಮಾಷೆಗೆ ಬರವೇ?

೧. ಲೆಕ್ಕಾಧಿಕಾರಿ ಬಂದರು

ಹೊಸ ಲೆಕ್ಕಾಧಿಕಾರಿ ಕೇಳಿದರು: "ಮೇಡಂ, ಈ ಮೇಜಿನಿಂದ ತಿಂಗಳಿಗೆ ಎಷ್ಟು ಬಿಲ್ ಆಗುತ್ತದೆ?"

"ಬಿಲ್ಲೇ ಇಲ್ಲ ಸಾರ್. ಬೇಡದ ಮದ್ದು, ಬೇಡದ ಪರೀಕ್ಷೆ ತಪ್ಪಿಸುತ್ತೇವೆ."

"ಅಂದರೆ, ಬರುವ ಬಿಲ್ಲನ್ನೂ ತಪ್ಪಿಸುತ್ತೀರಿ!"

ಮುಂದಿನ ಸಭೆಯಲ್ಲಿ ವಿಭಾಗ ಮುಚ್ಚಿಸುತ್ತೇನೆಂದು ಹೇಳಿಯೇ ಹೋದರು. ದೇವರ ಮೇಲೆ ಭಾರ ಹಾಕಿದೆ.

೨. ಮೀನುಗಾರರ ಅಮ್ಮಚ್ಚಿ

ತಿರುವನಂತಪುರದ ನಮ್ಮ ಶಾಖೆಯ ಡಾಕ್ಟರು ಫೋನ್ ಮಾಡಿದರು. ತುಂಬಾ ಎಂಬ ಊರಿನ ಮೀನುಗಾರರ ಮನೆಯ ಅಜ್ಜಿಗೆ ನಿಲ್ಲದ ಒಣಕೆಮ್ಮು. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಇನ್ನು ದುಬಾರಿ ಸ್ಕ್ಯಾನೇ ಗತಿ. "ಬಿ.ಪಿ. ಗುಳಿಗೆ ಹೊಸದಾಗಿ ಶುರುವಾಗಿದೆಯೇ ನೋಡಿ" ಎಂದೆ. ನೋಡಿದರೆ ಹೊಸದೇ! ಆ ಬಗೆಯ ಗುಳಿಗೆಯಿಂದ ಕೆಲವರಿಗೆ ಕೆಮ್ಮು ಬರುತ್ತದೆ. ಡಾಕ್ಟರು ಬೇರೆ ಕೊಟ್ಟರು. ಕೆಮ್ಮೂ ಹೋಯಿತು, ಸ್ಕ್ಯಾನಿನ ಖರ್ಚೂ ಉಳಿಯಿತು.

ಅಜ್ಜಿ ಫೋನ್ ಮಾಡಿ ಮಗಳೇ ಎಂದೇ ಕರೆದರು: "ಮೋಳೇ, ತಂಪಾನೂರು ಸ್ಟೇಷನ್ನಿಂದ ರೈಲಲ್ಲಿ ಒಂದು ಬುಟ್ಟಿ ಮೀನು ಕಳಿಸಲೇ?"

"ಬೇಡ ಅಮ್ಮಚ್ಚೀ, ನಾನು ಮೀನು ತಿನ್ನುವುದಿಲ್ಲ."

ಅಜ್ಜಿ ಮೆಲ್ಲಗೆ ಕೇಳಿದರು: "ಅಯ್ಯೋ ಪಾಪ! ಅದು ಯಾವ ಗುಳಿಗೆಯಿಂದ ಆಯ್ತು, ಮೋಳೇ?"

೩. ಸ್ನೇಹಿತನ ಕಾಯಿಲೆ

ಒಂದು ದಿನ ಫೋನಿನಲ್ಲಿ, ಅಕ್ಕಾ ಎಂದು ಕರೆಯುವ ಗಂಡಸಿನ ಸಣ್ಣ ದನಿ: "ಚೇಚಿ, ನನ್ನ ಸ್ನೇಹಿತನಿಗೆ ಮಲ ಕಪ್ಪಗೆ ಹೋಗ್ತಿದೆ. ಹೊಟ್ಟೆಗೆ ಕ್ಯಾಮೆರಾ ಇಳಿಸ್ತಾರಂತೆ."

"ಗುಳಿಗೆ ಏನಾದರೂ?"

"ಕೂದಲು ಬೆಳೆಯೋಕೆ ಏನೋ ನುಂಗ್ತಾನೆ. ಡಾಕ್ಟರಿಗೆ ಹೇಳೋಕೆ ನಾಚಿಕೆ."

"ಅದರಲ್ಲಿ ಕಬ್ಬಿಣಾಂಶ ಇದ್ದರೆ ಹೀಗಾಗುತ್ತದೆ. ನಾಚಿಕೆ ಬಿಟ್ಟು ಇವತ್ತೇ ಹೇಳಲಿ."

ಹೇಳಿದರಂತೆ. ಡಾಕ್ಟರು ರಕ್ತ, ಮಲ ಪರೀಕ್ಷಿಸಿ, ಗುಳಿಗೆ ನಿಲ್ಲಿಸಿದರು, ಎಲ್ಲ ಸರಿಹೋಯಿತು. ಕ್ಯಾಮೆರಾ ರದ್ದು.

ಸಭೆ ಬಂತು. "ಈ ಮೇಜು ಬೇಕೇ?" ಎಂದರು ನಿರ್ದೇಶಕರು. ಲೆಕ್ಕಾಧಿಕಾರಿ ಎದ್ದು ನಿಂತರು: "ಮುಚ್ಚುವುದು ಬೇಡ ಸಾರ್. ಕೂದಲಿನ ಗುಳಿಗೆ ನುಂಗಿದ ನನ್ನ ಸ್ನೇಹಿತನೊಬ್ಬನಿಗೆ ದೊಡ್ಡ ಪರೀಕ್ಷೆಯ ಖರ್ಚೇ ತಪ್ಪಿತು. ಇಂಥವರು ಎಷ್ಟು ಜನರೋ! ಉಳಿಸಿದ್ದೂ ಸಂಪಾದನೆಯೇ."

ಫೋನಿನ ಆ ಸಣ್ಣ ದನಿಯ ಗುರುತು ನನಗೆ ಸಿಕ್ಕಿತು. ತುಟಿ ಬಿಚ್ಚಲಿಲ್ಲ, ರೋಗಿಯ ಗುಟ್ಟು ಕಾಯುವುದೂ ಪೂಜೆಯೇ. ಆದರೆ ಹೆಮ್ಮೆಗೆ ಕಣ್ಣು ತುಂಬಿತು.

ನಿರ್ದೇಶಕರು ದೀಪದಡಿ ಫಳಫಳ ಹೊಳೆಯುತ್ತಿದ್ದ ಲೆಕ್ಕಾಧಿಕಾರಿಗಳ ಬೋಳುತಲೆಯನ್ನೇ ನೋಡುತ್ತಾ ಅಂದರು: "ಮೇಜು ಇರಲಿ. ನಿಮ್ಮ ಸ್ನೇಹಿತರಿಗೆ ಹೇಳಿ, ಆ ಗುಳಿಗೆಯ ದುಡ್ಡು ವಾಪಸು ಕೇಳಲಿ!"

ಕಿವಿಗೊಟ್ಟ ನಿಮ್ಮೆಲ್ಲರ ಮನೆಯ ಮದ್ದಿನ ಡಬ್ಬಿ ಸದಾ ಹಗುರವಾಗಿರಲಿ. ಭಗವಂತ ನಿಮ್ಮನ್ನು ನಗುನಗುತ್ತಾ ಇರುವಂತೆ ಇಡಲಿ.