ಮೀನಖಂಡದ ಮಹಿಮೆ

ಇಪ್ಪತ್ತೊಂದು ಕಿಲೋಮೀಟರ್ ಓಡಿ ಬಂದ ಗಂಡಸಿಗೆ ಸ್ವಂತ ಮನೆಯಲ್ಲಿ ಸಿಗಬೇಕಾದ ಮರ್ಯಾದೆ ನನಗೆ ಸಿಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುದ್ರಣಾಲಯದಲ್ಲಿ ಕರಡು ತಿದ್ದುವ ನಾನು ಇಪ್ಪತ್ತಾರು ವರ್ಷದಿಂದ ಕುರ್ಚಿಗೆ ಅಂಟಿಕೊಂಡವನು. ಅಂಥವನು ನಾಲ್ಕು ತಿಂಗಳು ಅಭ್ಯಾಸ ಮಾಡಿ, ಭಾನುವಾರದ ಓಟವನ್ನು ಕೊನೆಯವರೆಗೂ ಓಡಿದೆ. (ಕೊನೆಯವನಾಗಿಯೂ ಓಡಿದೆ. ಅದು ಬೇರೆ ವಿಷಯ.)

ಸೋಮವಾರ ಬೆಳಗ್ಗೆ ನೋಡಿದರೆ ಕಾಲುಗಳು ನನ್ನವಲ್ಲ. ಮೆಟ್ಟಿಲ ಕಂಬಿಯನ್ನು ತಬ್ಬಿಕೊಂಡು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಕೆಳಮನೆಯ ನಿವೃತ್ತ ಮೇಷ್ಟರು ಬಾಗಿಲಲ್ಲಿ ನಿಂತು ನೋಡಿದರು.

“ಏನ್ ಸಾರ್, ಹತ್ತುತಾ ಇದೀರೋ, ಇಳೀತಾ ಇದೀರೋ?”

“ನನಗೂ ಸರಿಯಾಗಿ ಗೊತ್ತಾಗ್ತಿಲ್ಲ ಮೇಷ್ಟ್ರೇ.”

ಫಿಸಿಯೋಥೆರಪಿ ಓದುತ್ತಿರುವ ಮಗಳು ಸಂಜೆ ಕಾಲೇಜಿನಿಂದ ಫೋಮ್ ರೋಲರ್ ಎಂಬ ವಸ್ತುವನ್ನು ತಂದಳು. ತೋಳುದ್ದದ ಕಪ್ಪು ದಿಂಡು, ಮೈತುಂಬ ಉಬ್ಬುಗಳು. ನೋಡಲು ಸ್ಪಂಜು, ಮುಟ್ಟಿದರೆ ಮರ.

“ಅಪ್ಪ, ಮೀನಖಂಡ ಇದರ ಮೇಲಿಡು. ಕೈ ಊರಿ ಸೊಂಟ ಎತ್ತು. ನಿಧಾನವಾಗಿ ಹಿಂದೆ ಮುಂದೆ ಉರುಳಬೇಕು. ಎಲ್ಲಿ ನೋಯುತ್ತೋ ಅಲ್ಲಿ ನಿಲ್ಲಿಸಿ ಮೂವತ್ತು ಎಣಿಸು.”

“ನೋಯೋ ಕಡೆ ಯಾಕಮ್ಮಾ ನಿಲ್ಲಿಸಬೇಕು? ಬೇಗ ದಾಟಿ ಹೋಗೋದು ತಾನೇ?”

“ಅಪ್ಪ, ಎಣಿಸು.”

ಮೂರಕ್ಕೆ ಬರುವಷ್ಟರಲ್ಲಿ ನನ್ನ ಗಂಟಲಿನಿಂದ ಹೊರಟ ನಾದಕ್ಕೆ ವರ್ಣಮಾಲೆಯಲ್ಲಿ ಅಕ್ಷರವಿಲ್ಲ (ಕರಡು ತಿದ್ದುವವನ ಮಾತು, ನಂಬಿ). ಮೇಷ್ಟರು ಮೇಲೆ ಓಡಿಬಂದು, “ಯಾರಾದ್ರೂ ಬಿದ್ರಾ?” ಎಂದು ಕೇಳಿ ಹೋದರು.

ಅಷ್ಟರಲ್ಲಿ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಆಪರೇಷನ್ ಆದವರ ವಾರ್ಡಿನಲ್ಲಿ ಅವಳು ಇಪ್ಪತ್ಮೂರು ವರ್ಷದಿಂದ ನರ್ಸು. ಕೈಚೀಲ ಕೆಳಗಿಟ್ಟು, “ಸ್ವಲ್ಪ ಸರೀರಿ, ಏನದು ನೋಡೋಣ” ಎಂದು ರೋಲರಿನ ಮೇಲೆ ಕಾಲಿಟ್ಟಳು. ಮಗಳು ಹೇಳಿಕೊಟ್ಟಂತೆ ಉರುಳಿದಳು. ಒಂದು ಕಡೆ ನಿಲ್ಲಿಸಿದಳು. ಮೂವತ್ತು ಎಣಿಸಿದಳು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ನೋಡಿದ್ಯಾ, ಅವಳಿಗೆ ನೋವೇ ಇಲ್ಲ” ಎಂದೆ, ನನ್ನ ನೋವಿನ ಘನತೆಯನ್ನು ಎತ್ತಿಹಿಡಿಯಲು.

ಮಗಳು ಅಮ್ಮನ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಇನ್ನೊಂದನ್ನೂ ಒತ್ತಿದಳು. “ಅಮ್ಮ, ಇದು ಕಲ್ಲಾಗಿದೆ. ಅಪ್ಪಂದು ಇದರ ಮುಂದೆ ಏನೂ ಅಲ್ಲ. ನೋವಾಗಲ್ವಾ?”

“ಆಗುತ್ತೆ.”

“ಯಾವಾಗಿಂದ?”

ಹೆಂಡತಿ ಸ್ವಲ್ಪ ಯೋಚಿಸಿದಳು. “ನೀನು ಹುಟ್ಟೋಕೆ ಮುಂಚಿಂದ ಅನ್ಸುತ್ತೆ.”

ಮರುದಿನ ಮಗಳು ನನ್ನ ಓಟದ ಗಡಿಯಾರವನ್ನು ಬಿಚ್ಚಿ ಅಮ್ಮನ ಕೈಗೆ ಕಟ್ಟಿ ಕಳುಹಿಸಿದಳು. ಸಂಜೆ ನೋಡಿದರೆ ಹದಿಮೂರು ಕಿಲೋಮೀಟರ್. ಬರೀ ಒಂದು ವಾರ್ಡಿನೊಳಗೆ, ಮಂಚದಿಂದ ಮಂಚಕ್ಕೆ. ರಜೆಗಳನ್ನೆಲ್ಲ ಕಳೆದು ಮಗಳು ಇಪ್ಪತ್ಮೂರು ವರ್ಷಕ್ಕೆ ಕಾಗದದ ಮೇಲೆ ಗುಣಿಸಿದಳು. ಭೂಮಂಡಲಕ್ಕೆ ಎರಡು ಸುತ್ತು ಬಂದು ನನ್ನ ಹೆಂಡತಿ ಮೂರನೆಯ ಸುತ್ತಿನಲ್ಲಿದ್ದಳು.

ನಾನು ಬಾಯಿ ತೆರೆದುಕೊಂಡು ಅವಳನ್ನೇ ನೋಡಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ನಿಂತುಕೊಂಡೇ. ನಾಲ್ಕು ತಿಂಗಳು ಉದ್ಯಾನ ಸುತ್ತಿ ಬಂದಾಗಲೆಲ್ಲ ನಾನು ಕಾಲು ನೆನೆಸಲು ಬಿಸಿನೀರು ಕೇಳಿದ್ದು ಈ ಭೂಪ್ರದಕ್ಷಿಣೆಯವಳನ್ನು. ಅವಳೂ ತಂದಿಟ್ಟಿದ್ದಳು, ಮೂರನೆಯ ಸುತ್ತಿನ ನಡುವೆ.

“ನೀನು ಮಲಕ್ಕೋ. ಇವತ್ತು ನಾನು ಉರುಳಿಸ್ತೀನಿ” ಎಂದೆ.

“ನಿಮ್ಮ ಕಾಲೇ ನೆಟ್ಟಗಿಲ್ಲ. ಸುಮ್ನಿರಿ.”

“ಮಲಕ್ಕೋ ಅಂದೆ.”

ಅವಳು ಬೋರಲು ಮಲಗಿದಳು. ನಾನು ಮಂಡಿಯೂರಿ, ಲಟ್ಟಣಿಗೆ ಹಿಡಿದಂತೆ ರೋಲರ್ ಹಿಡಿದು, ಒಂದೊಂದು ಕಾಲಿಗೂ ಹತ್ತು ಹತ್ತು ನಿಮಿಷ ಭಕ್ತಿಯಿಂದ ಉರುಳಿಸಿದೆ. ಅವಳು ಒಂದು ಸಲ ಮೆಲ್ಲಗೆ “ಹಾ” ಎಂದಳು. ಇಪ್ಪತ್ಮೂರು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ “ಹಾ” ಅದು. ನನ್ನ ಕಣ್ಣು ತುಂಬಿತು.

ಆಮೇಲೆ ಏಳಲು ಹೋದೆ. ಮಂಡಿ ಒಪ್ಪಲಿಲ್ಲ. ಕುರ್ಚಿ ಹಿಡಿದೆ, ಕುರ್ಚಿಯೇ ನನ್ನ ಕಡೆ ಬಂತು.

ಹೆಂಡತಿ ಎದ್ದಳು. ಒಂದು ಕೈ ನನ್ನ ಕಂಕುಳಿಗೆ, ಇನ್ನೊಂದು ಸೊಂಟಕ್ಕೆ ಕೊಟ್ಟು, “ಮೂರು ಅಂದಾಗ ಏಳಬೇಕು” ಎಂದಳು. ಎರಡು ಎನ್ನುವಷ್ಟರಲ್ಲೇ ನಾನು ಮಂಚದ ಮೇಲಿದ್ದೆ. ಹೊದಿಕೆ ಎದೆಯವರೆಗೂ ಬಂದಿತ್ತು.

“ಭಾರ ಆಯ್ತಾ?” ಎಂದೆ, ಸಣ್ಣ ದನಿಯಲ್ಲಿ.

“ಇದಕ್ಕಿಂತ ಭಾರದವರನ್ನ ದಿನಾ ಎತ್ತುತೀನಿ” ಎಂದಳು ಅವಳು, ದಿಂಬು ಸರಿ ಮಾಡುತ್ತಾ. “ಆದ್ರೆ ಅವರಿಗೆಲ್ಲ ಆಪರೇಷನ್ ಆಗಿರುತ್ತೆ.”